ದಪ್ಪ ಗೋಡೆಯಲ್ಲಿ ಬಾಗಿಲು ಕೂರಿಸುವ ಕ್ರಮ

ನಮ್ಮ ಊರುಗಳಲ್ಲಿ ಮೊದಲು ಬಾಗಿಲ ಚೌಕಟ್ಟನ್ನು ನಿಲ್ಲಿಸಿ, ಪೂಜೆ ಮಾಡಿ, ಆಮೇಲೆ ಅದರ ಎರಡೂ ಬದಿಗೆ ಗೋಡೆ ಏರಿಸುವ ರೂಢಿಯಿದೆ. ಕೆನಡಾ ಅಥವಾ ಅಮೆರಿಕದ ಉತ್ತರ ಭಾಗದಂಥ ಚಳಿ ಸೀಮೆಯಲ್ಲಿ ಶಾಖ ಉಳಿಸುವ ಮರದ ಮನೆ ಕಟ್ಟುವಾಗ ಈ ಕ್ರಮ ತಿರುಗುತ್ತದೆ. ಗೋಡೆಯಲ್ಲಿ ಕಂಡಿ ಮೊದಲು, ಬಾಗಿಲು ನಂತರ. ಎರಡು ಸಾಲು ಕಂಬಗಳ ನಡುವೆ ಸೆಲ್ಯುಲೋಸ್ (ಕಾಗದದ ನಾರಿನ ಶಾಖನಿರೋಧಕ) ತುಂಬಿದ ಅಲ್ಲಿನ ಗೋಡೆ 300 ಮಿ.ಮೀ. ದಪ್ಪವಿದ್ದು, ಚೌಕಟ್ಟು ಸುಮಾರು 100 ಮಿ.ಮೀ. ಆಳವಿದ್ದರೆ, ಉಳಿದ 200 ಮಿ.ಮೀ. ಬಾಗಿಲಿನ ಹೊರಗಿರಬೇಕೋ ಒಳಗಿರಬೇಕೋ ಎಂಬುದನ್ನು ನಕ್ಷೆಯಲ್ಲೇ ತೀರ್ಮಾನಿಸಬೇಕು.

ಒಳಕ್ಕೆ ತೆರೆಯುವ ಬಾಗಿಲನ್ನು ಗೋಡೆಯ ಹೊರ ಅಂಚಿಗೆ ಕೂರಿಸಿದರೆ ಮಳೆನೀರಿನ ಕಾಟ ಕಡಿಮೆ, ಆದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಹಿಡಿಕೆ ಪಕ್ಕದ ಗೋಡೆಗೆ ತಗಲುತ್ತದೆ, ಮಂಚವನ್ನೋ ಫ್ರಿಜ್ಜನ್ನೋ ಒಳಗೆ ತರುವ ದಿನ ಈ ತಪ್ಪು ಅರಿವಿಗೆ ಬರುತ್ತದೆ, ಮೇಲಾಗಿ ಪ್ರತಿ ಬಾರಿ ಜೋರಾಗಿ ತೆರೆದಾಗಲೂ ತಿರುಗಣಿಯ ತಿರುಪುಗಳು ಸಡಿಲವಾಗುತ್ತವೆ. ಆದ್ದರಿಂದ ಒಳಕ್ಕೆ ತೆರೆಯುವ ಬಾಗಿಲನ್ನು ಒಳಗೋಡೆಯ ಮಟ್ಟಕ್ಕೇ ಸರಿಯಾಗಿ ಕೂರಿಸುವುದು ನನ್ನ ಆಯ್ಕೆ. ಆಗ ಹೊರಗೆ ಉಳಿಯುವ ಆಳವಾದ ಗೂಡಿಗೆ ಮೇಲೊಂದು ಸೂರು ಬೇಕೇ ಬೇಕು. ಸ್ವೀಡನ್ನಿನಲ್ಲಿ ಹೊರಕ್ಕೆ ತೆರೆಯುವ ಮುಂಬಾಗಿಲೇ ಸಾಮಾನ್ಯವಾಗಿದ್ದು, ಅದನ್ನು ಹೊರ ಅಂಚಿಗೆ ಕೂರಿಸಿದರೆ ಈ ತೊಡಕೇ ಇರುವುದಿಲ್ಲ.

ಕಂಡಿಯ ಸುತ್ತ 18 ಮಿ.ಮೀ. ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಕಟ್ಟಿ ಎರಡೂ ಸಾಲು ಕಂಬಗಳಿಗೆ ಬಿಗಿಯಬೇಕು. ಬಾಗಿಲಿನ ಭಾರವೆಲ್ಲ ತಿರುಗಣಿಯ ಬದಿಗೇ ಬೀಳುವುದರಿಂದ ಅಲ್ಲಿ ಕಂಬವನ್ನು ಜೋಡಿಯಾಗಿಡುವುದು ಕ್ಷೇಮ. ಹೊರಗೂಡಿನ ಮೈಗೆ ಶಾಖನಿರೋಧಕ ಹಲಗೆ ಹೊದಿಸಿ, ಅದರ ಅಂಚು ಚೌಕಟ್ಟಿನ ಮುಖವನ್ನು ತುಸು ಮುಚ್ಚುವಂತೆ ಮಾಡಿದರೆ ಚಳಿ ಸಂದಿಯ ಮೂಲಕ ಒಳಗೆ ನುಸುಳುವ ದಾರಿ ಉದ್ದವಾಗುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಹೊಸ್ತಿಲಿನಲ್ಲಿ. ನಾನು ನೋಡಿದ ಒಂದು ಮನೆಯಲ್ಲಿ ಹೊರಗಿನಿಂದ ಒಳಗಿನವರೆಗೆ ಒಂದೇ ತುಂಡಿನ ಅಲ್ಯೂಮಿನಿಯಂ ಹೊಸ್ತಿಲು ಹಾಕಿದ್ದರು. ಮೊದಲ ಚಳಿಗಾಲದಲ್ಲೇ ತಣ್ಣಗಾದ ಲೋಹಕ್ಕೆ ಒಳಗಾಳಿಯ ತೇವ ಹನಿಗಟ್ಟಿ, ಅದರ ಒಳ ಅಂಚಿನಗುಂಟ ಬೆರಳಗಲದ ನೀರಿನ ಸಾಲು ನಿಂತು, ಪಕ್ಕದ ಮರದ ನೆಲ ಕಪ್ಪಾಗಿತ್ತು. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಸಾಗಿಸುವ ಲೋಹವಾದ್ದರಿಂದ, ನಡುವೆ ಶಾಖ ತಡೆಯುವ ತುಂಡಿರುವ ಹೊಸ್ತಿಲನ್ನೇ ಕೇಳಿ ತರಿಸಬೇಕು. ಅದರ ಕೆಳಗೆ, ತುಳಿತಕ್ಕೆ ಕುಸಿಯದ ಗಟ್ಟಿ ನಿರೋಧಕ ಪಟ್ಟಿಯಿರಲಿ. ಪಟ್ಟಿಯ ಮೇಲೆ ಹೊರಕ್ಕೆ ಇಳಿಜಾರಾದ, ಒಳ ಅಂಚು ಮೇಲೆದ್ದ, ಎರಡೂ ಪಕ್ಕ ಗೋಡೆಗೆ ಏರಿದ ಜಲನಿರೋಧಕ ತಟ್ಟೆಯಿದ್ದರೆ, ನುಗ್ಗಿದ ನೀರು ಮರಕ್ಕೆ ಇಳಿಯದೆ ಹೊರಗೇ ಹರಿದುಹೋಗುತ್ತದೆ.

ಚೌಕಟ್ಟಿನ ಸುತ್ತ 10ರಿಂದ 15 ಮಿ.ಮೀ. ಸಂದಿ ಬಿಟ್ಟು, ಹೆಚ್ಚು ಹಿಗ್ಗದ ಫೋಮ್ ತುಂಬಿ, ಒಳಬದಿಯಲ್ಲಿ ಗಾಳಿ ತಡೆಯುವ ಟೇಪನ್ನು ಮೂಲೆಗಳಲ್ಲೂ ಕಡಿಯದಂತೆ ಅಂಟಿಸಬೇಕು. ಹೊಸ್ತಿಲ ಹೊರ ಅಂಚಿನ ಕೆಳಭಾಗವನ್ನು ಮಾತ್ರ ಮುಚ್ಚಬಾರದು, ನೀರು ಹೊರಬೀಳುವ ದಾರಿ ಅದೇ. ಗೋಡೆಗೆ ಒಳಹೊದಿಕೆ ಹಾಕುವ ಮುನ್ನವೇ ಫ್ಯಾನಿನಿಂದ ಒಳಗಾಳಿಯನ್ನು ಹೊರಗೆಳೆದು, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸವಿರುವಂತೆ ಮನೆಗೆ ಗಾಳಿ ಸೋರಿಕೆಯ ಪರೀಕ್ಷೆ ಮಾಡಿಸಿ, ಆ ಹೊತ್ತಿನಲ್ಲಿ ಒದ್ದೆ ಅಂಗೈಯನ್ನು ಹೊಸ್ತಿಲ ಮೂಲೆಗಳ ಬಳಿ ನಿಧಾನವಾಗಿ ಸರಿಸಿ. ತಣ್ಣಗೆ ತಾಗಿದ ಕಡೆ ಗುರುತು ಹಾಕಿ, ಟೇಪನ್ನು ಮತ್ತೊಮ್ಮೆ ಒತ್ತಿ ಅಂಟಿಸಿ.