ಮೇ ತಿಂಗಳಲ್ಲಿ ಗಡ ಹತ್ತುವ ಮುನ್ನ ಆಕಾಶ ನೋಡುವುದು ಹೇಗೆ?

ಮಕ್ಕಳ ಪರೀಕ್ಷೆ ಮುಗಿದರೆ ಪುಣೆಯ ಕನ್ನಡದ ಮನೆಗಳಲ್ಲಿ ಎರಡೇ ಮಾತು. ಊರಿಗೆ ಹೋಗೋಣವಾ, ಗಡ (ಬೆಟ್ಟದ ಮೇಲಿನ ಕೋಟೆ) ಹತ್ತೋಣವಾ? ಸಿಂಹಗಡವಾದರೆ ಚಿಂತೆ ಇಲ್ಲ. ಬೆಳಿಗ್ಗೆ ಹತ್ತಿ, ಪಿಠಲಾ-ಭಾಕರಿ ತಿಂದು, ಮಧ್ಯಾಹ್ನದೊಳಗೆ ಮನೆ ಸೇರಬಹುದು. ರಾಜಗಡ, ತೋರಣಾ ಎರಡನ್ನೂ ಸೇರಿಸಿ ಎರಡು-ಮೂರು ದಿನ ಹೊರಡುವವರಿಗೆ ಮಾತ್ರ ಸ್ವಲ್ಪ ಲೆಕ್ಕ ಬೇಕು. ರಾಜಗಡದ ಸಂಜೀವನಿ ಮಾಚಿಯಿಂದ (ಮಾಚಿ ಎಂದರೆ ಗಡದ ಚಾಚಿಕೊಂಡ ತೋಳು) ತೋರಣಾದ ಬುಧಲಾ ಮಾಚಿಗೆ ಗುಡ್ಡದ ಬೆನ್ನಿನ ಮೇಲೇ ನಡೆದುಹೋಗುವ ದಾರಿ ಚಳಿಗಾಲದಲ್ಲಿ ಬಹಳ ಚೆಂದ. ಮೇ ತಿಂಗಳಲ್ಲಿ ಅದು ಬೇಡ ಎಂದೇ ನಾನು ಹೇಳುತ್ತೇನೆ. ನೆರಳು ಕಡಿಮೆ, ಸಿಡಿಲು ಬಂದರೆ ಬೇಗ ಇಳಿಯಲು ಆಗುವುದಿಲ್ಲ. ಅದರ ಬದಲು ರಾಜಗಡದ ಬುಡದ ಗುಂಜವಣೆಯಲ್ಲಿ ಒಂದು ರಾತ್ರಿ, ತೋರಣಾದ ಬುಡದ ವೇಲ್ಹೆಯಲ್ಲಿ ಒಂದು ರಾತ್ರಿ ಉಳಿಯಿರಿ. ಒಂದು ಬೆಳಿಗ್ಗೆಗೆ ಒಂದೇ ಗಡ.

ಮೊದಲು ಮೊಬೈಲಿನ ಅಂಕಿ ಸರಿಮಾಡಿಕೊಳ್ಳಿ

ಆ್ಯಪ್‌ನಲ್ಲಿ ಕಾಣುವ 38 ಡಿಗ್ರಿ ಪುಣೆ ಊರಿನದು. ಪುಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ರಾಜಗಡ 1,376 ಮೀಟರ್, ತೋರಣಾ 1,403 ಮೀಟರ್. ಅಂದರೆ ನೀವು 800 ಮೀಟರ್‌ಗಿಂತ ಜಾಸ್ತಿ ಮೇಲಿರುತ್ತೀರಿ. ಒಂದು ಕಿಲೋಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಒಣ ಹವೆಯ ಮಧ್ಯಾಹ್ನ ಹತ್ತು ಡಿಗ್ರಿಯವರೆಗೂ ಇಳಿಯಬಹುದು. ಹಾಗಾಗಿ ಊರಲ್ಲಿ 38 ಇದ್ದರೆ ಗಡದ ಮೇಲೆ 30ರಿಂದ 33.

ಇದನ್ನು ಕೇಳಿ ಖುಷಿಪಡಬೇಡಿ. ಇದು ನೆರಳಿನ ಲೆಕ್ಕ, ಅಲ್ಲಿ ನೆರಳೇ ಇಲ್ಲ. ಸಹ್ಯಾದ್ರಿಯ ಕರಿಕಲ್ಲು ಬೆಳಿಗ್ಗೆ ಒಂಬತ್ತರಿಂದಲೇ ಕಾಯತೊಡಗುತ್ತದೆ. ಹನ್ನೊಂದಕ್ಕೆ ಕೈ ಊರಿ ಹತ್ತುವುದು ಕಷ್ಟ. ಮೇಲೆ ಬೀಸುವ ಗಾಳಿ ಬೆವರನ್ನು ತಕ್ಷಣ ಒಣಗಿಸುತ್ತದೆ. ಎಷ್ಟು ನೀರು ಹೋಯಿತೆಂದು ತಿಳಿಯುವುದೇ ಇಲ್ಲ. ಒಬ್ಬೊಬ್ಬರಿಗೆ ಕುಡಿಯಲು ನಾಲ್ಕು ಲೀಟರ್ ನೀರು, ಜೊತೆಗೆ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಗಡದ ಟಾಕಿಗಳಲ್ಲಿ (ಕಲ್ಲಲ್ಲಿ ಕೊರೆದ ತೊಟ್ಟಿಗಳಲ್ಲಿ) ನೀರಿರುತ್ತದೆ ಎಂಬ ಭರವಸೆ ಮೇ ತಿಂಗಳಲ್ಲಿ ಬೇಡ. ತಲೆನೋವು, ವಾಂತಿ, ಮಾತು ತೊದಲುವುದು ಕಂಡರೆ ಗಡ ಅಲ್ಲೇ ಬಿಟ್ಟು ಆ ವ್ಯಕ್ತಿಯನ್ನು ನೆರಳಿಗೆ ತನ್ನಿ. ಮೈಮೇಲೆ ನೀರು ಸುರಿದು ಬೀಸಿ. 108ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ. ಹೆಚ್ಚಿನ ಆ್ಯಪ್‌ಗಳು ತೋರಿಸುವುದು ಕಂಪ್ಯೂಟರ್ ಮಾದರಿಯ ಲೆಕ್ಕವನ್ನು. ಯುರೋಪಿನ ಹೆಸರಾಂತ ಮಾದರಿಯ ಒಂದು ಚೌಕವೇ ಸುಮಾರು 9 ಕಿಲೋಮೀಟರ್ ಅಗಲ. ಅದರೊಳಗೆ ಗಡ, ಕಣಿವೆ, ಹೊಲ ಎಲ್ಲ ಸೇರಿ ಒಂದೇ ಅಂಕಿ. 'ಮಳೆ 20%' ಎಂದು ನೋಡಿ ನಿಮ್ಮ ಗುಡ್ಡದ ಗತಿ ಹೇಳಲಾಗದು.

ಮೂರು ದಿನ ಮುಂಚೆ

ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ತೆರೆಯಿರಿ. 'ಮೌಸಮ್' ಆ್ಯಪ್‌ನಲ್ಲೂ ಸಿಗುತ್ತದೆ. ಎಚ್ಚರಿಕೆಯ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣ ಎಲ್ಲರೂ ನೋಡುತ್ತಾರೆ. ಆದರೆ ಪುಣೆ ಜಿಲ್ಲೆ ಘಟ್ಟದ ಲೋಣಾವಳದಿಂದ ಬಯಲಿನ ಇಂದಾಪುರದವರೆಗೆ ಚಾಚಿದೆ. ಒಂದೇ ಬಣ್ಣ ಎರಡಕ್ಕೂ ಹೇಗೆ ಸರಿಹೋದೀತು? ಬಣ್ಣಕ್ಕಿಂತ ಒಳಗಿನ ಮಾತು ಓದಿ. ಗುಡುಗು, ಸಿಡಿಲು, ಬಿರುಗಾಳಿ ಎಂದು ಬರೆದಿದ್ದರೆ ಹಳದಿ ಇದ್ದರೂ ಗಡದ ಮೇಲೆ ಅದನ್ನು ಕಿತ್ತಳೆ ಎಂದೇ ತಿಳಿಯಿರಿ.

ಜೊತೆಗೆ ಮಧ್ಯಾಹ್ನದ ತೇವಾಂಶ ನೋಡಿ. ಎರಡು-ಮೂರು ದಿನದಿಂದ ಏರುತ್ತಿದ್ದರೆ ಮೋಡಕ್ಕೆ ಸಾಮಾನು ಸೇರುತ್ತಿದೆ ಎಂದರ್ಥ. ವಿಂಡಿ ಆ್ಯಪ್ ಬಳಸುವವರು 'ಕೇಪ್' ಎಂಬ ಅಂಕಿಯನ್ನೂ ನೋಡಬಹುದು. ಮೋಡ ಮೇಲೇರಲು ಹವೆಯಲ್ಲಿ ಎಷ್ಟು ಕಸುವಿದೆ ಎಂದು ಅದು ಹೇಳುತ್ತದೆ. ಸಾವಿರದೊಳಗಿದ್ದರೆ ಕಡಿಮೆ, 2,500 ದಾಟಿದರೆ ಜೋರು. ಕಸುವಿದ್ದ ಮಾತ್ರಕ್ಕೆ ಮಳೆ ಬಂದೇ ಬರುತ್ತದೆ ಎಂದಲ್ಲ. ಕೆಳಗಿನ ಹವೆಯನ್ನು ಯಾರಾದರೂ ಮೇಲಕ್ಕೆ ತಳ್ಳಬೇಕು. ಆ ಕೆಲಸವನ್ನು ಗುಡ್ಡವೇ ಮಾಡುತ್ತದೆ. ಬಿಸಿಲಿಗೆ ಇಳಿಜಾರು ಕಾದು ಹವೆ ಏರುತ್ತದೆ. ಮಧ್ಯಾಹ್ನ ಕೊಂಕಣದ ಕಡೆಯಿಂದ ಸಮುದ್ರದ ತೇವ ಗಾಳಿಯೂ ಘಟ್ಟ ಹತ್ತಿ ಬರುತ್ತದೆ. ಎರಡೂ ಕೂಡಿದಾಗ ಗುಡುಗು. ಅದಕ್ಕೇ ಈ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ, ಸಂಜೆಯ ಹೊತ್ತಿಗೆ. ಇಲ್ಲಿನವರು ಇದನ್ನು ವಳೀವ ಎನ್ನುತ್ತಾರೆ. ನಮ್ಮ ಊರ ಕಡೆ ಭರಣಿ, ಕೃತ್ತಿಕಾ ಮಳೆ ಎಂದು ಕಾಯುವುದೂ ಇದೇ ದಿನಗಳಲ್ಲಿ.

ಹಿಂದಿನ ಸಂಜೆ

ಪುಣೆಯ ಪಾಷಾಣ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ. ಕಳೆದ ಕೆಲವು ನಿಮಿಷಗಳಲ್ಲಿ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್‌ನಲ್ಲಿ ಎಲ್ಲಿ ಸಿಡಿಲು ಬಡಿಯಿತೆಂದು ತೋರಿಸುತ್ತದೆ. ಕಣಿವೆಯಲ್ಲಿ ನೆಟ್‌ವರ್ಕ್ ಹೋದರೆ ಅದೂ ಹೋಯಿತು. ಆದ್ದರಿಂದ ಉಳಿದುಕೊಂಡ ಮನೆಯ ಹಿರಿಯರನ್ನೂ ಕೇಳಿ, 'ಕಾಕಾ, ನಿನ್ನೆ ಮಳೆ ಯಾವ ದಿಕ್ಕಿನಿಂದ, ಎಷ್ಟು ಹೊತ್ತಿಗೆ ಬಂತು?' ಎಂದು. ಗುಡುಗಿನ ಮಳೆ ಒಮ್ಮೆ ಶುರುವಾದರೆ ಎಷ್ಟೋ ಸಲ ಎರಡು-ಮೂರು ದಿನ ಅದೇ ಹೊತ್ತಿಗೆ ಬರುತ್ತದೆ. ಯಾವ ಆ್ಯಪ್‌ಗಿಂತಲೂ ನನಗೆ ಈ ಉತ್ತರದ ಮೇಲೆ ನಂಬಿಕೆ ಜಾಸ್ತಿ.

ಬೆಳಿಗ್ಗೆ ಐದಕ್ಕೆ ಹೊರಡಿ. ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಹನ್ನೊಂದರೊಳಗೆ ಇಳಿಯಲು ಶುರುಮಾಡಿದರೆ ಬಿಸಿಲು, ಸಿಡಿಲು ಎರಡನ್ನೂ ತಪ್ಪಿಸಿದಂತೆ.

ಗಡದ ಮೇಲೆ

ಬೆಳಿಗ್ಗೆ ಏಳೆಂಟಕ್ಕೇ ನಡು ಆಕಾಶದಲ್ಲಿ ಕೋಟೆಯ ತೆನೆಗಳ ಹಾಗೆ ಸಣ್ಣ ಸಣ್ಣ ಮೋಡ ಸಾಲಾಗಿ ಎದ್ದಿದ್ದರೆ ಆ ದಿನ ಬೇಗ ಇಳಿಯಿರಿ. ಮೇಲಿನ ಹವೆ ಆಗಲೇ ಅಲುಗಾಡುತ್ತಿದೆ. ಹತ್ತರ ನಂತರ ಹತ್ತಿಯಂಥ ಮೋಡ ಬಂದರೆ ಹೆದರಬೇಕಿಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿಯಾಗುತ್ತಿದೆಯಾ, ಬುಡ ಕಪ್ಪಾಗುತ್ತಿದೆಯಾ, ಅದನ್ನು ಗಮನಿಸಿ. ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಧೂಳೆಬ್ಬಿಸಿ ಬಂತೆಂದರೆ ಮಳೆ ಸುರಿಯುತ್ತಿರುವ ಮೋಡದಿಂದ ಹವೆ ಕೆಳಗೆ ಬಿದ್ದು ಹರಡಿದೆ. 'ಆಹಾ, ತಂಪು' ಎಂದು ಸುಮ್ನೆ ಕೂತು ಫೋಟೊ ತೆಗೆಯುವ ಹೊತ್ತಲ್ಲ ಅದು.

ಮಿಂಚು ಕಂಡ ಮೇಲೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ. ಅಷ್ಟು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ. ತುದಿ, ಬುರುಜು, ಒಂಟಿ ಮರ ಬಿಟ್ಟು ಇಳಿಯಿರಿ. ರಾಜಗಡದ ಚೋರ್ ದರವಾಜಾದ ದಾರಿಯಲ್ಲಿರುವ ಕಬ್ಬಿಣದ ರೇಲಿಂಗ್ ಹಿಡಿದು ನಿಲ್ಲಬೇಡಿ. ಬಂಡೆಯ ಚಾಚಿನ ಕೆಳಗೆ ಮುದುಡಿ ಕೂರುವುದೂ ತಪ್ಪು. ಬಂಡೆಯ ಮೇಲೆ ಹರಿದು ಬರುವ ವಿದ್ಯುತ್ ಅಲ್ಲಿ ನಿಮ್ಮ ಮೈ ದಾಟಿಕೊಂಡು ಹೋಗಬಹುದು. ಗುಡಿಯೊಳಗೆ ಹೋದರೆ ಬಯಲಿಗಿಂತ ವಾಸಿ. ಬಾಗಿಲಲ್ಲಿ ನಿಲ್ಲದೆ, ಗೋಡೆಗೆ ಒರಗದೆ ಕೂತುಕೊಳ್ಳಿ. ಏನೂ ಸಿಗದಿದ್ದರೆ ತಗ್ಗಿನಲ್ಲಿ ಒಬ್ಬರಿಂದೊಬ್ಬರು ದೂರ, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಹೆದರದೆ ಮುಟ್ಟಿ, ಉಸಿರು ನಿಂತಿದ್ದರೆ ಎದೆ ಒತ್ತಲು ಶುರುಮಾಡಿ.

ಮಾರನೆಯ ದಿನ

ರಾತ್ರಿ ಮಳೆಯಾಗಿದ್ದರೆ ಬೆಳಿಗ್ಗೆ ಗಾಳಿ ತಿಳಿಯಾಗಿ ದೂರದ ಗಡಗಳೆಲ್ಲ ಕಾಣುತ್ತವೆ. ತೋರಣಾ ಹತ್ತಲು ಒಳ್ಳೆಯ ದಿನ. ಆದರೆ ಬಂಡೆಯ ಮೇಲಿನ ಧೂಳು ಕೆಸರಾಗಿ ಜಾರುತ್ತದೆ. ಇಳಿಯುವಾಗ ಜೋಕೆ. ನೆಲ ಹಸಿಯಾಗಿರುವುದರಿಂದ ಮಧ್ಯಾಹ್ನದ ಮೋಡ ಇನ್ನೂ ಬೇಗ ಏಳಬಹುದು.

ಮೇ ಕೊನೆಯ ವಾರಕ್ಕೆ ಹೊರಡುವವರು ಮುಂಗಾರಿನ ಸುದ್ದಿಯನ್ನೂ ನೋಡಿ. ಮುಂಬೈಗೆ ಅದು ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಆಗ ಮಧ್ಯಾಹ್ನದೊಳಗೆ ಇಳಿಯುವ ಈ ಲೆಕ್ಕ ನಡೆಯುವುದಿಲ್ಲ. ಬೆಳಿಗ್ಗೆಯೇ ಮಂಜು ಕವಿದು, ದಾರಿ ಕಾಣದೆ, ದಿನವಿಡೀ ಪಡುವಣ ಗಾಳಿ ಮಳೆ ಹೊತ್ತು ತರುತ್ತದೆ. ಅಂಥ ವಾರ ಮಕ್ಕಳನ್ನು ಊರಿಗೇ ಕರೆದುಕೊಂಡು ಹೋಗಿ.