ಎಲ್ಲರೂ ಕೈ ಎತ್ತಿದರು, ಯಾರೂ ಬದಲಾಗಲಿಲ್ಲ

ನಮ್ಮದು ಆಡಿಟ್ ಮತ್ತು ತೆರಿಗೆ ಸಲಹೆಯ ಸಂಸ್ಥೆ. 11 ಜನ ಪಾರ್ಟ್ನರ್‌ಗಳು. ಕ್ಲೈಂಟ್ ಫೈಲುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಇಟ್ಟುಕೊಳ್ಳುತ್ತಿದ್ದರು. ಎಲ್ಲವನ್ನೂ ಒಂದೇ ಕಡೆ ತರುವ ಕೆಲಸ ನನ್ನ ಹೆಗಲಿಗೆ ಬಿತ್ತು.

ಮೀಟಿಂಗ್ ಕರೆದೆ, ಸ್ಲೈಡ್ ತೋರಿಸಿದೆ. ಎಲ್ಲರೂ ಕೈ ಎತ್ತಿ ಒಪ್ಪಿದರು. 3 ತಿಂಗಳಾದ ಮೇಲೆ ನೋಡಿದರೆ ಹೊಸ ವ್ಯವಸ್ಥೆಯಲ್ಲಿ ಇದ್ದದ್ದು ನನ್ನ ಫೈಲುಗಳು ಮಾತ್ರ.

ಇಂಥ ಸಂಸ್ಥೆಯಲ್ಲಿ ಪಾರ್ಟ್ನರ್ ಅಂದರೆ ಮಾಲೀಕರೇ. ಮ್ಯಾನೇಜಿಂಗ್ ಪಾರ್ಟ್ನರನ್ನು ಆರಿಸುವವರೂ ಅವರೇ. ಅಪ್ಪಣೆ ಕೊಡಿಸೋಣ ಅಂದರೆ ಯಾರಿಂದ? ಕೈ ಎತ್ತಿದ್ದಕ್ಕೆ "ನೀವು ಮಾಡಿಕೊಳ್ಳಿ, ನಾವು ಅಡ್ಡ ಬರಲ್ಲ" ಅಂತಷ್ಟೇ ಅರ್ಥ. ನಾನು ಜಾಸ್ತಿ ಅರ್ಥ ಮಾಡಿಕೊಂಡಿದ್ದೆ.

ಆಮೇಲೆ ಒಬ್ಬೊಬ್ಬರ ಕೋಣೆಗೆ ಹೋಗಿ ಕೂತೆ. ಹಿರಿಯ ಪಾರ್ಟ್ನರ್ ಒಬ್ಬರು ಬಾಗಿಲು ಹಾಕಿ ಕೇಳಿದರು: "ನಾನು ತಂದ ಕ್ಲೈಂಟ್‌ಗಳ ಮೇಲೆ ನನ್ನ ಲಾಭದ ಪಾಲು ನಿಂತಿದೆ. ಫೈಲ್ ಎಲ್ಲರ ಮುಂದಿಟ್ಟರೆ ನಾಳೆ ಆ ಕ್ಲೈಂಟ್ ಯಾರವರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಸಾಫ್ಟ್‌ವೇರ್ ಮಾತಾಡುತ್ತಿದ್ದೆ, ಅವರು ದುಡ್ಡಿನ ಲೆಕ್ಕ ಹಾಕುತ್ತಿದ್ದರು. ಅದು ಸಹಜ ತಾನೇ?

ಕಿರಿಯರ ತೊಂದರೆ ಬೇರೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯುವ ನಮ್ಮ ಟೈಮ್‌ಶೀಟಿನಲ್ಲಿ ಗಂಟೆಗೆ 10 ಭಾಗ, ಒಂದೊಂದೂ 6 ನಿಮಿಷ. ಕ್ಲೈಂಟ್‌ಗೆ ಬಿಲ್ ಆಗದ ಹೊತ್ತೆಲ್ಲ ಸುಮ್ನೆ ಕೂತ ಲೆಕ್ಕ. ಹಳೆ ಫೈಲು ಜೋಡಿಸಿ ಅಂತ ನಾನು ಹೇಳುತ್ತಿದ್ದೆ. ಜೋಡಿಸಿದವರ ಗಂಟೆಗಳು ಇಳಿಯುತ್ತಿದ್ದವು, ಜೊತೆಗೆ ಬೋನಸ್ಸೂ.

ಹಾಗಾಗಿ ಎರಡು ಕಡೆ ಕೈ ಹಾಕಿದೆ. ಈ ಕೆಲಸಕ್ಕೇ ಟೈಮ್‌ಶೀಟಿನಲ್ಲಿ ಒಂದು ಕೋಡ್ ತೆರೆಸಿ, ಅದನ್ನೂ ದುಡಿದ ಗಂಟೆ ಅಂತಲೇ ಎಣಿಸುವ ಹಾಗೆ ಮಾಡಿದೆ. ಇದು ಸುಲಭವಾಗಿ ಆಯಿತು. ಪಾಲಿನ ಮಾತು ಹಾಗಲ್ಲ. ಕ್ಲೈಂಟ್ ತಂದವರ ಪಾಲು 2 ವರ್ಷ ಮುಟ್ಟುವ ಹಾಗಿಲ್ಲ, ಅದೇ ಕ್ಲೈಂಟ್‌ಗೆ ಇನ್ನೊಬ್ಬರು ಹೊಸ ಕೆಲಸ ಹಿಡಿದರೆ ಅದರ ಹಣವನ್ನು ಇಬ್ಬರ ಹೆಸರಲ್ಲೂ ಪೂರ್ತಿ ಬರೆಯುವುದು ಅಂತ ಮುಂದಿಟ್ಟೆ. "ಆಡಿಟರ್‌ಗಳೇ ಒಂದೇ ಹಣವನ್ನು ಎರಡು ಸಲ ಎಣಿಸೋದಾ?" ಅಂತ ನಕ್ಕರು. ನಕ್ಕಿದ್ದು ಒಳ್ಳೆಯದೇ ಆಯಿತು. 5 ವಾರ ಎಳೆದಾಡಿ ಒಪ್ಪಿದರು.

ಆ ಹಿರಿಯರ ಒಂದು ಕ್ಲೈಂಟ್‌ನಿಂದಲೇ ಶುರು ಮಾಡಿದೆವು. ಹಿಂದಿನ ವರ್ಷ ಆಡಿಟ್ ಮುಗಿಯುವ ವಾರದಲ್ಲೇ ಅವರ ಮ್ಯಾನೇಜರ್ ಕೆಲಸ ಬಿಟ್ಟಿದ್ದರು. ಅರ್ಧ ವಿಷಯ ಅವರ ಲ್ಯಾಪ್‌ಟಾಪಿನಲ್ಲಿ, ಉಳಿದರ್ಧ ತಲೆಯಲ್ಲಿ. ಆ ನೋವು ಹಿರಿಯರಿಗೆ ಇನ್ನೂ ಹಸಿಯಾಗಿತ್ತು. ಫೈಲ್ ಜೋಡಿಸುವಾಗ ನಾನೂ ಅವರ ತಂಡದ ಜೊತೆ ಕೂತೆ. ಮುಂದಿನ ಮೀಟಿಂಗಿನಲ್ಲಿ ನಾನು ಬಾಯಿ ಬಿಡಲಿಲ್ಲ. ಅವರೇ ಮಾತಾಡಿದರು.

ನನ್ನ ದೊಡ್ಡ ತಪ್ಪು ಹಿಡಿದದ್ದು ಒಬ್ಬ ಕಿರಿಯ ಮ್ಯಾನೇಜರ್. ಎಲ್ಲರಿಗೂ ಎಲ್ಲ ಫೈಲು ಕಾಣಲಿ ಅಂತ ಉತ್ಸಾಹದಲ್ಲಿ ಬರೆದಿದ್ದೆ. "ಸರ್, ಒಬ್ಬರಿಗೊಬ್ಬರು ಪೈಪೋಟಿ ಮಾಡುವ ಎರಡು ಕಂಪನಿಗಳು ನಮ್ಮ ಕ್ಲೈಂಟ್‌ಗಳೇ, ಅವರ ಫೈಲುಗಳೂನಾ?" ಅಂದರು. ಗುಟ್ಟು ಕಾಯುವುದೇ ನಮ್ಮ ಕಸುಬು! ಆಮೇಲೆ ಕ್ಲೈಂಟ್‌ನ ಹೆಸರು, ಮಾಡುತ್ತಿರುವ ಕೆಲಸ ಮಾತ್ರ ಎಲ್ಲರಿಗೂ ಕಾಣುವ ಹಾಗೆ ಮಾಡಿದೆವು. ಒಳಗಿನ ಕಾಗದಗಳು ಆ ತಂಡಕ್ಕಷ್ಟೇ.

ಈಗ 10 ಜನ ಬಂದಿದ್ದಾರೆ. ಒಬ್ಬರು ಇನ್ನೂ ತಮ್ಮ ಬೀರುವಿಗೆ ಬೀಗ ಹಾಕಿಕೊಂಡೇ ಇದ್ದಾರೆ. ಅವರ ಮ್ಯಾನೇಜರ್ ಮಾತ್ರ ವಾರಕ್ಕೊಮ್ಮೆ ಫೈಲುಗಳನ್ನು ತಂದು ಹೊಸ ಜಾಗದಲ್ಲಿ ಸೇರಿಸುತ್ತಾರೆ. ಆ ಪಾರ್ಟ್ನರ್‌ಗೆ ಇದು ಗೊತ್ತಿದೆ ಅಂತ ನನ್ನ ಗುಮಾನಿ. ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.