1908ರ ಕಬ್ಸ್ ಸೀಸನ್: ಪೆನ್ಸಿಲ್ ಹಿಡಿದು ಬರೆದ ಆರು ತಿಂಗಳು

ದಾವಣಗೆರೆಯಲ್ಲಿ ಕಾಲೇಜು ಓದುವಾಗ ನಾನು ಕ್ರಿಕೆಟ್ ಸ್ಕೋರ್‌ಬುಕ್ ಬರೆಯುತ್ತಿದ್ದೆ. ಬೌಲರ್ ಲೆಕ್ಕಕ್ಕೂ ಬ್ಯಾಟ್ಸ್‌ಮನ್ ಲೆಕ್ಕಕ್ಕೂ ತಾಳೆ ಬೀಳುವವರೆಗೆ ಮರದ ನೆರಳಿನಿಂದ ಏಳುವ ಹಾಗಿರಲಿಲ್ಲ. ಆ ಅಭ್ಯಾಸ ಶಿಕಾಗೋಗೆ ಬಂದ ಮೇಲೂ ಬಿಡಲಿಲ್ಲ. 2016ರಲ್ಲಿ ಇಲ್ಲಿನ ಬೇಸ್‌ಬಾಲ್ ತಂಡ ಕಬ್ಸ್, ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ವರ್ಲ್ಡ್ ಸೀರೀಸ್ ಗೆದ್ದಾಗ ಊರಿಗೆ ಊರೇ 'ಸಾವಿರದ ಒಂಬೈನೂರ ಎಂಟು' ಅಂತ ಹೇಳುತ್ತಿತ್ತು. 108 ವರ್ಷದ ಹಿಂದಿನ ಗೆಲುವು ಅದು. ಅದು ಹೇಗೆ ಬಂತು ಅಂತ ಕೇಳಿದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಕಥೆ: ಎದುರಾಳಿ ಜೈಂಟ್ಸ್ ತಂಡದ ಮರ್ಕಲ್ ಮಾಡಿದ ತಪ್ಪು. ಇಡೀ ಸೀಸನ್ನನ್ನು ನಾನೇ ಬರೆದು ನೋಡೋಣ ಅನ್ನಿಸಿತು.

2017ರ ಏಪ್ರಿಲ್ 14ರಂದು ಶುರು ಮಾಡಿದೆ. 1908ರ ಸೀಸನ್ ಶುರುವಾದದ್ದೂ ಅದೇ ತಾರೀಖಿಗೆ. ಆ ದಿನದ ಪಂದ್ಯವನ್ನು ಅದೇ ದಿನ ಸಂಜೆ ಬರೆಯುವುದು, ಮುಂದಿನ ಪುಟ ನೋಡದೇ ಇರುವುದು, ಇಷ್ಟೇ ನಿಯಮ. ಆ ಕಾಲದ 'ಸ್ಪೋರ್ಟಿಂಗ್ ಲೈಫ್' ವಾರಪತ್ರಿಕೆ, ಹಳೆಯ ದಿನಪತ್ರಿಕೆಗಳು ಈಗ ಸ್ಕ್ಯಾನ್ ಆಗಿ ಸಿಗುತ್ತವೆ. ಪ್ರತಿ ಪಂದ್ಯಕ್ಕೂ ಅವುಗಳಲ್ಲಿ ಬಾಕ್ಸ್ ಸ್ಕೋರ್ ಅನ್ನುವ ಸಣ್ಣ ಕೋಷ್ಟಕ ಇರುತ್ತದೆ. ಯಾರು ಎಷ್ಟು ಸಲ ಬ್ಯಾಟ್ ಮಾಡಿದರು, ರನ್, ಹಿಟ್, ಪುಟೌಟ್ (ಔಟ್ ಮುಗಿಸಿದ ಫೀಲ್ಡರ್‌ನ ಲೆಕ್ಕ), ಅಸಿಸ್ಟ್ (ಅದಕ್ಕೆ ಚೆಂಡು ಕೊಟ್ಟವನ ಲೆಕ್ಕ), ತಪ್ಪು, ಎಲ್ಲ ಅದರಲ್ಲಿ. ಅಕ್ಷರ ಮಸುಕಾಗಿರುತ್ತದೆ. 3 ಯಾವುದು, 8 ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು.

ನನ್ನನ್ನು ಕಾಪಾಡಿದ್ದು ಹಳೆಯ ತಾಳೆ ನೋಡುವ ಚಟವೇ. ಬೇಸ್‌ಬಾಲ್‌ನಲ್ಲಿ ಬ್ಯಾಟಿಗೆ ಬಂದವನಿಗೆ ಮೂರೇ ಗತಿ. ರನ್ ಗಳಿಸಬೇಕು, ಔಟಾಗಬೇಕು, ಇಲ್ಲವೇ ಇನಿಂಗ್ಸ್ ಮುಗಿದಾಗ ಬೇಸ್ ಮೇಲೆ ಉಳಿದಿರಬೇಕು. ಈ ಮೂರನ್ನು ಕೂಡಿದರೆ ಬ್ಯಾಟಿಗೆ ಬಂದವರ ಸಂಖ್ಯೆ ಸರಿಯಾಗಿ ಬರಲೇಬೇಕು. ಬರದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ ಅಂತ ಅರ್ಥ.

ಪುಟೌಟ್ ಕಾಲಮ್ ಇನ್ನೂ ಚೆಂದ. ಇನಿಂಗ್ಸ್‌ಗೆ ಮೂರು ಔಟ್, ಹಾಗಾಗಿ ಒಂಬತ್ತು ಇನಿಂಗ್ಸ್ ಪೂರ್ತಿ ಫೀಲ್ಡ್ ಮಾಡಿದ ತಂಡಕ್ಕೆ 27 ಪುಟೌಟ್. 24 ಇದ್ದರೆ ಎದುರಿನ ಆತಿಥೇಯ ತಂಡ ಒಂಬತ್ತನೆಯದನ್ನು ಆಡುವ ಮೊದಲೇ ಗೆದ್ದಿದೆ. 26 ಇದ್ದರೆ ಎರಡು ಔಟ್ ಆದ ಮೇಲೆ, ಕೊನೇ ಕ್ಷಣದಲ್ಲಿ ಗೆಲುವಿನ ರನ್ ಬಂದಿದೆ. ಆ ಒಂದು ಅಂಕಿಯಲ್ಲೇ ಜನರ ಕೂಗು ಕೇಳಿಸುತ್ತದೆ.

ಜುಲೈ ಹೊತ್ತಿಗೆ ಕಬ್ಸ್‌ನ ಟಿಂಕರ್, ಎವರ್ಸ್, ಚಾನ್ಸ್ ನಮ್ಮ ಮನೆಯವರೇ ಆಗಿಬಿಟ್ಟಿದ್ದರು. ಪೆನ್ಸಿಲ್ಲಿನಲ್ಲಿ 6-4-3 ಅಂತ ಗೀಚಿದರೆ ಶಾರ್ಟ್‌ಸ್ಟಾಪ್ ಟಿಂಕರ್‌ನಿಂದ ಸೆಕೆಂಡ್ ಬೇಸ್‌ನ ಎವರ್ಸ್‌ಗೆ, ಅಲ್ಲಿಂದ ಫಸ್ಟ್ ಬೇಸ್‌ನ ಚಾನ್ಸ್‌ಗೆ ಚೆಂಡು ಹೋಯಿತು ಅಂತ. ಚಾನ್ಸ್ ಮ್ಯಾನೇಜರ್ ಕೂಡ. ಆ ಕಾಲದಲ್ಲಿ ಹೋಮ್ ರನ್ ಅಪರೂಪ. ಕಬ್ಸ್ ಆಡುವ ಇಡೀ ನ್ಯಾಷನಲ್ ಲೀಗ್‌ನಲ್ಲಿ ಅತಿ ಜಾಸ್ತಿ ಹೊಡೆದ ಬ್ರೂಕ್ಲಿನ್‌ನ ಟಿಮ್ ಜೋರ್ಡನ್‌ಗೆ ವರ್ಷಕ್ಕೆ ಸಿಕ್ಕಿದ್ದು 12. ಒಂದೊಂದೇ ಬೇಸ್ ಕಿತ್ತುಕೊಂಡು ರನ್ ಮಾಡಬೇಕಿತ್ತು. ಬಾಲ್ಯದಲ್ಲಿ ಹೊಲದ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಕಬ್ಸ್‌ನ ಪಿಚರ್ (ಚೆಂಡೆಸೆಯುವವನು) ಮಾರ್ಡಿಕೈ ಬ್ರೌನ್ ಅದೇ ಕೈಯಲ್ಲಿ ಚೆಂಡು ತಿರುಗಿಸಿ ಆ ವರ್ಷ 29 ಪಂದ್ಯ ಗೆದ್ದ. ಅವನ ಹೆಸರು ಬರೆಯುವಾಗಲೆಲ್ಲ ನನಗೆ ಒಂದು ಥರ ಖುಷಿ.

ಸೆಪ್ಟೆಂಬರ್ 4ರ ಪುಟದಲ್ಲಿ ಒಂದು ನಕ್ಷತ್ರ ಹಾಕಿಟ್ಟಿದ್ದೇನೆ. ಪಿಟ್ಸ್‌ಬರ್ಗ್‌ನಲ್ಲಿ ಕಬ್ಸ್ 1-0 ಸೋತ ದಿನ. ಎರಡು ಔಟ್ ಆಗಿದ್ದಾಗ ಗೆಲುವಿನ ರನ್ ಬಂತು, ಫಸ್ಟ್ ಬೇಸ್‌ನಲ್ಲಿದ್ದ ಪಿಟ್ಸ್‌ಬರ್ಗ್‌ನ ಗಿಲ್ ಸೆಕೆಂಡ್ ಬೇಸ್ ಮುಟ್ಟದೆ ಹೊರಟುಬಿಟ್ಟ. ಅವನು ಔಟ್, ರನ್ ಲೆಕ್ಕಕ್ಕಿಲ್ಲ ಅಂತ ಎವರ್ಸ್ ವಾದಿಸಿದ. ತಾನು ಅದನ್ನು ನೋಡಲಿಲ್ಲ ಅಂತ ಅಂಪೈರ್ ಹ್ಯಾಂಕ್ ಓಡೇ ಒಪ್ಪಲಿಲ್ಲ. ಹೊಡೆದವನಿಗೆ ಜಾಗ ಬಿಡಲು ಮುಂದಿನ ಬೇಸ್‌ಗೆ ಹೋಗಲೇಬೇಕಾದವನು ಮೂರನೇ ಔಟಾದರೆ ರನ್ ಇಲ್ಲ ಅನ್ನುವ ನಿಯಮ ಪುಸ್ತಕದಲ್ಲಿತ್ತು, ಆದರೆ ಯಾರೂ ಪಾಲಿಸುತ್ತಿರಲಿಲ್ಲ.

ಹತ್ತೊಂಬತ್ತು ದಿನ ಬಿಟ್ಟು, ಸೆಪ್ಟೆಂಬರ್ 23. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್, ಜೈಂಟ್ಸ್ ಎದುರು. 1-1, ಒಂಬತ್ತನೇ ಇನಿಂಗ್ಸ್‌ನ ಎರಡನೇ ಅರ್ಧ, ಜೈಂಟ್ಸ್ ಬ್ಯಾಟಿಂಗ್, ಎರಡು ಔಟ್. ಥರ್ಡ್ ಬೇಸ್‌ನಲ್ಲಿ ಮೆಕಾರ್ಮಿಕ್, ಫಸ್ಟ್ ಬೇಸ್‌ನಲ್ಲಿ 19 ವರ್ಷದ ಫ್ರೆಡ್ ಮರ್ಕಲ್. ಸೊಂಟ ನೋವಿನಿಂದ ಕೂತ ಟೆನಿಯ ಜಾಗಕ್ಕೆ ಅವತ್ತು ಇಳಿದಿದ್ದ ಹುಡುಗ. ಬ್ರಿಡ್ವೆಲ್ ಸೆಂಟರ್ ಫೀಲ್ಡ್‌ಗೆ ಹೊಡೆದ. ಮೆಕಾರ್ಮಿಕ್ ಹೋಮ್ ಬೇಸ್ ಮುಟ್ಟಿದ. ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಅರ್ಧ ದಾರಿಯಲ್ಲೇ ಕ್ಲಬ್‌ಹೌಸ್ ಕಡೆ ತಿರುಗಿದ. ಎವರ್ಸ್ ಚೆಂಡು ತರಿಸಿ ಸೆಕೆಂಡ್ ಬೇಸ್ ಮುಟ್ಟಿದ. ಅದು ಹೊಡೆದ ಚೆಂಡೇ ಹೌದಾ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಅಂಪೈರ್ ಅವತ್ತೂ ಓಡೇ. ಈ ಸಲ ಔಟ್ ಕೊಟ್ಟ.

ಇದು ಗೊತ್ತಿದ್ದೂ ನನ್ನ ಕೈ ತಪ್ಪಿತು. ಬ್ರಿಡ್ವೆಲ್ ಚೌಕದಲ್ಲಿ ಹಿಟ್ ಗೆರೆ ಎಳೆದು, ಮೆಕಾರ್ಮಿಕ್‌ಗೆ ರನ್ ತುಂಬಿ, ಕಬ್ಸ್ ಪುಟೌಟ್ ಕೂಡಿದೆ. 26. ಆಮೇಲೆ ಕೂತು ಒಂದೊಂದನ್ನೇ ಅಳಿಸಿದೆ. ಹಿಟ್ ಹೋಯಿತು. ರನ್ ಹೋಯಿತು. ಎವರ್ಸ್ ಮುಂದೆ ಒಂದು ಪುಟೌಟ್ ಸೇರಿಸಿದೆ. 27. ಬ್ರಿಡ್ವೆಲ್ ಹೊಡೆದದ್ದು ಶುದ್ಧ ಹಿಟ್, ಪಾಪ, ಅವನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಪಂದ್ಯ ಟೈ. ಲೀಗ್ ಅಧ್ಯಕ್ಷ ಹ್ಯಾರಿ ಪುಲಿಯಮ್ ಆ ತೀರ್ಪನ್ನೇ ಎತ್ತಿಹಿಡಿದರು.

ಟೈ ಪಂದ್ಯಗಳಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದೆ. ಗೆಲುವಲ್ಲ, ಸೋಲಲ್ಲ ಅಂತ ಅವನ್ನು ಲೆಕ್ಕದಿಂದ ಬಿಟ್ಟಿದ್ದೆ. ಆದರೆ ಅವುಗಳಲ್ಲಿ ಹೊಡೆದ ಹಿಟ್, ಎಸೆದ ಇನಿಂಗ್ಸ್ ಎಲ್ಲ ಆಟಗಾರರ ಖಾತೆಗೆ ಸೇರುತ್ತವೆ. ಸರಿಪಡಿಸಲು ಎರಡು ವಾರಾಂತ್ಯ ಬೇಕಾಯಿತು.

ಇನ್ನು ಮರ್ಕಲ್ ವಿಷಯ. ಸೆಪ್ಟೆಂಬರ್ 23ಕ್ಕೆ ಸೀಸನ್ ಮುಗಿಯಲಿಲ್ಲ, ದಿನಕ್ಕೊಂದು ಪುಟ ಬರೆದವರಿಗೆ ಇದು ಕಣ್ಣಿಗೆ ರಾಚುತ್ತದೆ. 26ರಂದು ಕಬ್ಸ್‌ನ ಎಡ್ ರೂಲ್‌ಬಾಕ್ ಬ್ರೂಕ್ಲಿನ್ ವಿರುದ್ಧ ಒಂದೇ ದಿನ ಎರಡು ಪಂದ್ಯ ಪೂರ್ತಿ ಎಸೆದ. 5-0, 3-0. ಹದಿನೆಂಟು ಇನಿಂಗ್ಸ್, ಒಂದೂ ರನ್ ಇಲ್ಲ! ಅವತ್ತು ಸೊನ್ನೆ ಬರೆದೂ ಬರೆದೂ ನನ್ನ ಪೆನ್ಸಿಲ್ ಮೊಂಡಾಯಿತು. ಅತ್ತ ಜೈಂಟ್ಸ್‌ಗೆ ಫಿಲಡೆಲ್ಫಿಯಾದ ಹ್ಯಾರಿ ಕೊವೆಲೆಸ್ಕಿ ಅನ್ನುವ ಹೊಸ ಹುಡುಗ ಎದುರಾದ. ಸೆಪ್ಟೆಂಬರ್ 29, ಅಕ್ಟೋಬರ್ 1, ಅಕ್ಟೋಬರ್ 3. ಐದು ದಿನದಲ್ಲಿ ಮೂರು ಸಲ ಸೋಲಿಸಿದ. ಆ ಮೂರರಲ್ಲಿ ಒಂದನ್ನು ಗೆದ್ದಿದ್ದರೂ ಜೈಂಟ್ಸ್ ಕಬ್ಸ್‌ಗಿಂತ ಒಂದು ಗೆಲುವು ಮುಂದೆ ಇರುತ್ತಿತ್ತು. ಆ ಮೂರು ಸೋಲನ್ನು ಯಾರೂ ಹುಡುಗನೊಬ್ಬನ ತಲೆಗೆ ಕಟ್ಟಲಿಲ್ಲ. ಮರ್ಕಲ್‌ಗೆ ಮಾತ್ರ 'ಬೋನ್‌ಹೆಡ್' (ದಡ್ಡ) ಅನ್ನುವ ಹೆಸರು ಜೀವನಪೂರ್ತಿ ಅಂಟಿತು. ಇದು ಅನ್ಯಾಯ. ಆರು ತಿಂಗಳು ಲೆಕ್ಕ ಬರೆದು ಹೇಳುತ್ತಿದ್ದೇನೆ.

ಕೊನೆಗೆ ಕಬ್ಸ್, ಜೈಂಟ್ಸ್ ಸಮವಾಗಿ ನಿಂತದ್ದರಿಂದ ಆ ಟೈ ಪಂದ್ಯವನ್ನೇ ಅಕ್ಟೋಬರ್ 8ರಂದು ಮತ್ತೆ ಆಡಿಸಿದರು. ಆ ಮರುಪಂದ್ಯದಲ್ಲಿ, ಆ ವರ್ಷ 37 ಗೆದ್ದ ಜೈಂಟ್ಸ್ ಪಿಚರ್ ಮ್ಯಾಥ್ಯೂಸನ್ ಎದುರು ಕಬ್ಸ್ 4-2 ಗೆದ್ದಿತು. ಮೊದಲ ಇನಿಂಗ್ಸ್‌ನಲ್ಲೇ ಬ್ರೌನ್ ಬಂದು ಕೊನೆಯವರೆಗೂ ಎಸೆದ. ಕಬ್ಸ್ 99 ಗೆಲುವು 55 ಸೋಲು, ಜೈಂಟ್ಸ್ ಮತ್ತು ಪಿಟ್ಸ್‌ಬರ್ಗ್ ಇಬ್ಬರೂ 98-56. ವರ್ಲ್ಡ್ ಸೀರೀಸ್ ಅಷ್ಟು ರೋಚಕ ಅಲ್ಲ. ಡೆಟ್ರಾಯಿಟ್ ವಿರುದ್ಧ ಐದು ಪಂದ್ಯದಲ್ಲಿ ಕಬ್ಸ್ ನಾಲ್ಕು ಗೆದ್ದಿತು. ಅಕ್ಟೋಬರ್ 14ರ ಕೊನೇ ಪಂದ್ಯ ನೋಡಲು ಬಂದವರು ಬರೀ 6,210 ಜನ.

ಈಗ ಜೈಂಟ್ಸ್ ಕಡೆಯಿಂದ ಇದೇ ಸೀಸನ್ ಮತ್ತೆ ಬರೆಯುತ್ತಿದ್ದೇನೆ. ಜೂನ್‌ವರೆಗೆ ಬಂದಿದೆ. ಮರ್ಕಲ್ ಇನ್ನೂ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದಾನೆ.